ಸತ್ಯಾಂಶ: ಉತ್ತರ ಸಮುದ್ರದ ತೈಲ ಮತ್ತು ಸ್ಕಾಟ್ಲೆಂಡ್‌ನ ಬೊಕ್ಕಸ
ಸ್ಕಾಟ್ಲೆಂಡ್ ಸ್ವತಂತ್ರವಾದರೆ ಉತ್ತರ ಸಮುದ್ರದ ತೈಲವೊಂದೇ ಅದನ್ನು ಸಿರಿವಂತ ದೇಶವಾಗಿಸುತ್ತದೆ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ಪೂರ್ತಿ ಕಟ್ಟುಕಥೆಯಲ್ಲ. 1980ರ ದಶಕದ ಮೊದಲ ಭಾಗದಲ್ಲಿ, ಸಮುದ್ರದ ಭೌಗೋಳಿಕ ಪಾಲನ್ನು (ಸ್ಕಾಟ್ಲೆಂಡ್ ಕಡೆಯ ಸಮುದ್ರದ ತೈಲದಿಂದ ಬರುವ ತೆರಿಗೆಯನ್ನು) ಲೆಕ್ಕಕ್ಕೆ ಹಿಡಿದರೆ, ಸ್ಕಾಟ್ಲೆಂಡ್‌ನ ಆದಾಯ ಅದರ ವೆಚ್ಚವನ್ನು ಮೀರಿತ್ತು. ತಪ್ಪಿರುವುದು ಆ ಲೆಕ್ಕವನ್ನು ಇಂದಿಗೂ ಅನ್ವಯಿಸುವುದರಲ್ಲಿ. ಬ್ರಿಟನ್ನಿನ ತೈಲ ಉತ್ಪಾದನೆ 1999ರಲ್ಲೇ ಉತ್ತುಂಗ ಮುಟ್ಟಿ ಇಳಿಯತೊಡಗಿತು, ತೆರಿಗೆಯಂತೂ ಬೆಲೆಯೊಡನೆ ಏರಿಳಿಯುತ್ತದೆ: ಸ್ಕಾಟ್ಲೆಂಡ್‌ನ ಪಾಲು 2015–16ರಲ್ಲಿ ಕೆಲವೇ ಕೋಟಿ ಪೌಂಡ್‌ಗೆ ಕುಸಿದಿತ್ತು, 2022–23ರಲ್ಲಿ ಸುಮಾರು 940 ಕೋಟಿಗೆ ಜಿಗಿಯಿತು, ಮರುವರ್ಷ ಅದರ ಅರ್ಧಕ್ಕೂ ಕೆಳಗಿಳಿಯಿತು. ತೈಲವನ್ನು ಸೇರಿಸಿಯೂ 2023–24ರ ಕೊರತೆ ಜಿಡಿಪಿಯ ಶೇ 10.4ರಷ್ಟಿತ್ತು, ಇಡೀ ಬ್ರಿಟನ್ನಿನದು ಶೇ 4.5.

ಹಾಗೆಂದು, ಸ್ಕಾಟ್ಲೆಂಡ್ ಇಂಗ್ಲೆಂಡಿನ ಹಣದಲ್ಲೇ ಬದುಕುತ್ತಿದೆ ಎಂಬ ಎದುರು ಸಂದೇಶವೂ ಸರಿಯಲ್ಲ. ಈ ಕೊರತೆ ಸ್ಕಾಟ್ಲೆಂಡ್ ಬ್ರಿಟನ್ನಿನ ಭಾಗವಾಗಿರುವ ಈಗಿನ ವ್ಯವಸ್ಥೆಯದು. ರಕ್ಷಣೆ ಮತ್ತು ಸಾಲದ ಬಡ್ಡಿಯನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಿ ಹಾಕಿದ ಲೆಕ್ಕ. ಸ್ವಂತ ತೆರಿಗೆ ಮತ್ತು ವೆಚ್ಚದ ನೀತಿಯಿಂದ ಇದು ಬದಲಾಗಬಹುದೆಂಬ ಸ್ವಾತಂತ್ರ್ಯದ ಬೆಂಬಲಿಗರ ವಾದಕ್ಕೆ ಆಧಾರವಿದೆ, ಆದರೆ ಯಾವ ಕರೆನ್ಸಿ, ಉಳಿದ ಬ್ರಿಟನ್ನಿನೊಡನೆ ವ್ಯಾಪಾರ ಹೇಗೆ ಎಂಬ ವಿರೋಧಿಗಳ ಪ್ರಶ್ನೆಗಳು ನನಗೆ ಅದಕ್ಕಿಂತ ಭಾರವಾಗಿ ಕಾಣುತ್ತವೆ.

ಪರಿಶೀಲನೆ ಕಷ್ಟವಲ್ಲ. ಸ್ಕಾಟ್ಲೆಂಡ್‌ನ ಸರ್ಕಾರವೇ ಪ್ರತಿವರ್ಷ ಆದಾಯ–ವೆಚ್ಚದ ವರದಿಯನ್ನು ಜಾಲತಾಣದಲ್ಲಿ ಉಚಿತವಾಗಿ ಪ್ರಕಟಿಸುತ್ತದೆ. ಸಂದೇಶದಲ್ಲಿರುವ ಅಂಕಿ ಯಾವ ವರ್ಷದ್ದು, ಅದು ಮಾರಾಟವಾದ ತೈಲದ ಬೆಲೆಯೋ ಸರ್ಕಾರಕ್ಕೆ ಬಂದ ತೆರಿಗೆಯೋ (ಗೊಂದಲ ಹೆಚ್ಚಾಗುವುದು ಇಲ್ಲೇ), ಸಮುದ್ರದ ಪಾಲನ್ನು ಭೌಗೋಳಿಕವಾಗಿ ಹಂಚಿದ್ದಾರೆಯೋ ಜನಸಂಖ್ಯೆಯ ಪ್ರಕಾರವೋ ಎಂಬುದನ್ನು ಅದರೊಡನೆ ಹೋಲಿಸಿ ನೋಡಬಹುದು.