ಟೊಮೆಟೊ ಬಿಟ್ಟು ಲೆಕ್ಕ ಹಾಕಿ

‘ಬೆಲೆ ಸ್ಥಿರವಾಗಿದೆ ಅಂತ ಇಟ್ಕೊಳ್ಳಿ’ ಎನ್ನುತ್ತಾ ಮ್ಯಾಕ್ರೋ ಕ್ಲಾಸಿನಲ್ಲಿ, ಅಂದರೆ ಇಡೀ ದೇಶದ ಆರ್ಥಿಕತೆಯ ಪಾಠದಲ್ಲಿ, ಮೇಷ್ಟ್ರು ಬೋರ್ಡಿನ ಮೇಲೆ ಬಡ್ಡಿ ದರಕ್ಕೂ ರಾಷ್ಟ್ರೀಯ ಆದಾಯಕ್ಕೂ ಇರುವ ನಂಟು ತೋರಿಸುವ ಐಎಸ್-ಎಲ್‌ಎಂ ಗೆರೆಗಳನ್ನು ಎಳೆಯುತ್ತಾರೆ. 1937ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ ಸಾಹೇಬರು ಕೊಟ್ಟುಹೋದ ಚಿತ್ರ. ಅವರ ಇಂಗ್ಲೆಂಡಿನಲ್ಲಿ ಹಾಗೆ ಇಟ್ಟುಕೊಳ್ಳುವುದು ಸುಲಭವಿದ್ದೀತು. ಕೋಲಾರದ ಎಪಿಎಂಸಿಯಲ್ಲಿ ಒಂದು ಮಂಡಿಯ ಹರಾಜು ಮುಗಿದು ಪಕ್ಕದ ಮಂಡಿಗೆ ಬರುವಷ್ಟರಲ್ಲಿ ಟೊಮೆಟೊ ಬಾಕ್ಸಿನ ರೇಟು ಜಾರಿರುತ್ತದೆ.

ಮುಂದಿನ ಪಾಠ ಕೋರ್ ಹಣದುಬ್ಬರ. ಬೆಲೆಯೇರಿಕೆಯ ಲೆಕ್ಕದಿಂದ ಆಹಾರ, ಇಂಧನ ಎರಡನ್ನೂ ತೆಗೆದರೆ ಉಳಿಯುವುದು. ಅಂದರೆ ಉಣ್ಣದೆ, ಒಲೆ ಹಚ್ಚದೆ ಬದುಕುವ ಪುಣ್ಯಾತ್ಮನ ಖರ್ಚು. 2023ರ ಜುಲೈನಲ್ಲಿ ಇದೇ ಊರಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು, ದೇಶದ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಹಾರಿತ್ತು. ಕೋರ್ ಮಾತ್ರ ಬಹಳ ಕೆಳಗೆ, ತಣ್ಣಗೆ ಕೂತಿತ್ತು.

‘ಸಾರ್, ಟೊಮೆಟೊ ತೆಗೆದ್ರೆ ಕೋಲಾರದಾಗೆ ಇನ್ನೇನ್ ಸಾರ್ ಉಳಿಯೋದು?’ ಎಂದ ಹಿಂದಿನ ಬೆಂಚಿನ ಹುಡುಗ.

‘ಟ್ರೆಂಡ್ ಉಳಿಯುತ್ತಪ್ಪ.’

ನಗಬೇಡಿ. 2024ರ ಜುಲೈನಲ್ಲಿ ಸಂಸತ್ತಿನ ಮುಂದೆ ಬಂದ ಆರ್ಥಿಕ ಸಮೀಕ್ಷೆಯೂ ಹಣದುಬ್ಬರದ ಗುರಿಯಿಂದ ಆಹಾರವನ್ನು ಹೊರಗಿಡುವ ಬಗ್ಗೆ ಯೋಚಿಸಬಹುದು ಎಂದಿತ್ತು. ಅದರಲ್ಲಿ ನ್ಯಾಯ ಇಲ್ಲದಿಲ್ಲ: ರಿಸರ್ವ್ ಬ್ಯಾಂಕು ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಏರಿಸಿದರೆ ಆಲಿಕಲ್ಲು ಮಳೆ ನಿಲ್ಲುವುದಿಲ್ಲ, ಗಿಡಕ್ಕೆ ಬಿದ್ದ ಬಿಂಗಿ ರೋಗ ಬಿಡುವುದಿಲ್ಲ. ಆದರೆ ಆಗಿನ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ಪಾಲೇ ಸುಮಾರು ಶೇ 46. ತಕ್ಕಡಿಯಿಂದ ಅರ್ಧ ಮಾಲು ಇಳಿಸಿ ‘ನೋಡಿ, ತೂಕ ಹತೋಟಿಯಲ್ಲಿದೆ’ ಎಂದರೆ ಮಂಡಿಯಲ್ಲಿ ಹಮಾಲಿಯೂ ಒಪ್ಪುವುದಿಲ್ಲ.

ಕೈಬಿಡುವ ಈ ಕಲೆ ನಿರುದ್ಯೋಗದ ಅಧ್ಯಾಯದಲ್ಲಿ ಇನ್ನೂ ಪಳಗಿದೆ. ಸರ್ಕಾರಿ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ನೀವು ಉದ್ಯೋಗಸ್ಥರು. ‘ಪೂರ್ಣ ಉದ್ಯೋಗ’ ಪಾಠ ಮಾಡುವ ನಮ್ಮ ಮೇಷ್ಟ್ರು ಅತಿಥಿ ಉಪನ್ಯಾಸಕರು. ಗೌರವಧನ ಬಂದು ಯಾವ ಕಾಲವಾಯಿತೋ, ಗೌರವ ಮಾತ್ರ ತಿಂಗಳು ತಪ್ಪದೆ ಜಮೆಯಾಗುತ್ತಿದೆ. ವಾರಕ್ಕೆ ಒಂದೇ ಪೀರಿಯಡ್ ಕೊಟ್ಟರೂ ಅಂಕಿಅಂಶದ ಕಣ್ಣಿಗೆ ಅವರದು ತುಂಬಿದ ಸಂಸಾರ. ಇನ್ನು ಕೆಲಸ ಹುಡುಕಿ ಸುಸ್ತಾಗಿ ಎಂ.ಎ.ಗೆ ಸೇರಿದವನು? ಓದುತ್ತಿದ್ದಾನೆ, ಕೆಲಸ ಕೇಳುತ್ತಿಲ್ಲ, ಹಾಗಾಗಿ ಅವನು ಶ್ರಮಪಡೆಯಲ್ಲೇ ಇಲ್ಲ. ಅಡ್ಮಿಷನ್ ಫೀಜು ಕಟ್ಟಿದ ದಿನವೇ ದೇಶದ ನಿರುದ್ಯೋಗ ಒಬ್ಬನಷ್ಟು ಇಳಿಸಿದ ಮಹಾನುಭಾವ. ಅವನಿಗೆ ಸ್ಕಾಲರ್‌ಶಿಪ್ಪಾದರೂ ಬೇಗ ಕೊಡಬಾರದೇ?

ಹಿಂದಿನ ಬೆಂಚಿನವನದು ಇನ್ನೊಂದು ಡೌಟು ಉಳಿದಿತ್ತು. ‘ಸಾರ್, ರೇಟು ಬಿದ್ದಾಗ ಬಿಡಿಸಿದ ಕೂಲೀನೂ ಗಿಟ್ಟದೆ ನಮ್ಮಪ್ಪ ಟೊಮೆಟೊ ತಂದು ರೋಡಿಗೆ ಸುರೀತಾರಲ್ಲ, ಅದು ಯಾವ ಚಾಪ್ಟರು?’

ಮೇಷ್ಟ್ರು ಡಸ್ಟರ್ ಎತ್ತಿಕೊಂಡರು. ‘ಅದು ಮೈಕ್ರೋ ಕಣಪ್ಪ. ಹೋದ ಸೆಮಿಸ್ಟರ್‌ನಲ್ಲೇ ಮುಗೀತು.’