ಕಪ್ಪು ವಯರ್ ನ್ಯೂಟ್ರಲ್ ಅಂದುಕೊಂಡಿದ್ದೆ

ಬಲ್ಬ್ ಹೋಲ್ಡರ್ ಬದಲಿಸುವುದು ನಾನು ಹೈಸ್ಕೂಲಿನಲ್ಲಿದ್ದಾಗಲೇ ಕಲಿತ ಕೆಲಸ. ಸ್ವಿಚ್ ಆಫ್ ಮಾಡು, ಸ್ಟೂಲ್ ಹತ್ತು, ಮುಚ್ಚಳ ತಿರುಗಿಸು, ಎರಡು ವಯರ್ ಬಿಚ್ಚು, ಹೊಸ ಹೋಲ್ಡರಿಗೆ ಎರಡು ವಯರ್ ಕಟ್ಟು. ಯಾವ ವಯರ್ ಯಾವ ಕಡೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಹೇಗೆ ಕಟ್ಟಿದರೂ ಬಲ್ಬ್ ಉರಿಯುತ್ತಿತ್ತು. ಅದೇ ಧೈರ್ಯದಲ್ಲಿ ಅಮೆರಿಕಕ್ಕೆ ಬಂದ ಹೊಸದರಲ್ಲಿ ಒಂದು ಟೇಬಲ್ ಲ್ಯಾಂಪಿನ ಹೋಲ್ಡರ್ ಬದಲಿಸಿದೆ. ಅದೂ ಉರಿಯಿತು. ಕೆಲವು ತಿಂಗಳು ಕಳೆದು ಬಲ್ಬ್ ಹೋಯಿತು. ಲ್ಯಾಂಪಿನ ಸ್ವಿಚ್ ಆಫ್ ಮಾಡಿಯೇ ಬಲ್ಬ್ ತಿರುಗಿಸಿದೆ. ಅರ್ಧ ಹೊರಗೆ ಬಂದಿತ್ತು ಅಷ್ಟೆ, ಬಲ್ಬಿನ ಕತ್ತಿನ ಲೋಹಕ್ಕೆ ತಾಗಿದ ಬೆರಳಿನಿಂದ ಮೊಣಕೈ ತನಕ ಜುಂ ಅಂತು. ಬಲ್ಬ್ ಕೈಬಿಟ್ಟು ಒಡೆಯಿತು.

ಸ್ವಿಚ್ ಆಫ್ ಇತ್ತಲ್ಲ, ಶಾಕ್ ಹೇಗೆ ಹೊಡೆಯಿತು? ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಗೊತ್ತಾಗಿದ್ದು, ನಾನು ಕಲಿತ ಕೆಲಸ ಅರ್ಧ ಮಾತ್ರ ಅಂತ.

ನಮ್ಮ ಕಡೆಯ ಹೋಲ್ಡರ್ ಪಿನ್ ಹೋಲ್ಡರ್, ಬಿ22. 22 ಮಿಲಿಮೀಟರ್ ಅಗಲ. ಬಲ್ಬಿನ ತಳದಲ್ಲಿ ಎರಡು ಬೊಟ್ಟು, ಹೋಲ್ಡರಿನ ಒಳಗೆ ಸ್ಪ್ರಿಂಗ್ ಮೇಲೆ ಕೂತ ಎರಡು ಪಿನ್. ಕರೆಂಟಿನ ದಾರಿ ಅಷ್ಟೇ. ಬಲ್ಬಿನ ಕತ್ತಿನ ಲೋಹಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಹಾಗಾಗಿ ಫೇಸ್, ಅಂದರೆ ಕರೆಂಟ್ ತರುವ ವಯರ್, ಎಡಕ್ಕೆ ಬಂದರೂ ಒಂದೇ, ಬಲಕ್ಕೆ ಬಂದರೂ ಒಂದೇ. ಇಲ್ಲಿಯದು ಸ್ಕ್ರೂ ಹೋಲ್ಡರ್, ಇ26. ಯುರೋಪಿನಲ್ಲಿ ಇ27. ಆ 'ಇ' ಎಡಿಸನ್ ಹೆಸರಿನದು. ಇದರಲ್ಲಿ ತಳದ ನಡುವಿನ ನಾಲಿಗೆ ಒಂದು ತುದಿಯಾದರೆ, ಬಲ್ಬನ್ನು ಹಿಡಿದುಕೊಳ್ಳುವ ತಿರುಪಿನ ಚಿಪ್ಪೇ ಇನ್ನೊಂದು ತುದಿ. ಫೇಸ್ ನಾಲಿಗೆಗೇ ಹೋಗಬೇಕು, ಕರೆಂಟ್ ವಾಪಸ್ ಹೋಗುವ ವಯರ್ ಆದ ನ್ಯೂಟ್ರಲ್ ಚಿಪ್ಪಿಗೆ. ಉಲ್ಟಾ ಕಟ್ಟಿದರೂ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಆದರೆ ಚಿಪ್ಪು ಪೂರ್ತಿ ಫೇಸ್ ಆಗಿ ಕೂತಿರುತ್ತದೆ. ಲ್ಯಾಂಪ್ ಹೋಲ್ಡರಿನ ಸ್ವಿಚ್ ನಾಲಿಗೆಯ ಕಡೆಯನ್ನು ಮಾತ್ರ ಕಡಿಯುತ್ತದೆ, ಹಾಗಾಗಿ ಆಫ್ ಮಾಡಿದರೂ ಚಿಪ್ಪಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ನನಗೆ ಹೊಡೆದದ್ದು ಅದೇ.

ನನ್ನನ್ನು ಕೇಳಿದರೆ ನಮ್ಮ ಪಿನ್ ಹೋಲ್ಡರೇ ಒಳ್ಳೆಯದು. ಒತ್ತಿ ತಿರುಗಿಸಿದರೆ ಕೂತುಬಿಡುತ್ತದೆ, ಅಲುಗಾಟಕ್ಕೆ ಸಡಿಲವಾಗುವುದಿಲ್ಲ, ಯಾರು ಹೇಗೆ ವಯರ್ ಕಟ್ಟಿದರೂ ಸಹಿಸಿಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲೇ. ಅದು ಸಹಿಸಿಕೊಂಡಿದ್ದರಿಂದ ನಾವು ಕಲಿಯಲಿಲ್ಲ. ಈಗ ನಮ್ಮಲ್ಲೂ ಬಹಳಷ್ಟು ಅಲಂಕಾರದ ದೀಪಗಳು ಇ27 ಹೋಲ್ಡರಿನಲ್ಲಿ ಬರುತ್ತವೆ. ಕೈ ಮಾತ್ರ ಇನ್ನೂ ಪಿನ್ ಹೋಲ್ಡರಿನ ಕೈ. ಅದೂ ಇಲ್ಲಿ 120 ವೋಲ್ಟ್, ಅಲ್ಲಿ 230. ನಾನು ಮಾಡಿದ ತಪ್ಪನ್ನು ಅಲ್ಲಿ ಮಾಡಿದ್ದರೆ ಬಲ್ಬ್ ಒಡೆದು ಮುಗಿಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ಬಣ್ಣದ ಕಥೆ. ನಮ್ಮ ಹಳೇ ಮನೆಗಳ ಗೋಡೆಯೊಳಗೆ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಇದು ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಅಮೆರಿಕದಲ್ಲಿ ಕಪ್ಪೇ ಫೇಸ್! ಬಿಳಿ ನ್ಯೂಟ್ರಲ್. ಹಸಿರು ಅಥವಾ ಬರೀ ತಾಮ್ರ ಅರ್ಥ್. ಯುರೋಪಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ಮೂರು ಫೇಸಿನ ಮನೆಗಳಲ್ಲಿ ನೀಲಿಯೂ ಒಂದು ಫೇಸ್ ಆಗಿರಬಹುದು. ಒಂದು ಕಡೆ ಜೀವ ಉಳಿಸುವ ಬಣ್ಣ ಇನ್ನೊಂದು ಕಡೆ ಹೊಡೆಯುವ ಬಣ್ಣ. ಇಲ್ಲಿಯವರ ಬಿಳಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಗೋಡೆಯ ಸ್ವಿಚ್ಚಿಗೆ ಇಳಿದು ಬರುವ ಬಿಳಿ ವಯರ್ ಕೆಲವು ಕಡೆ ಫೇಸೇ ಆಗಿರುತ್ತದೆ. ಅದಕ್ಕೆ ಕಪ್ಪು ಟೇಪ್ ಸುತ್ತಿ ಗುರುತು ಮಾಡಬೇಕು ಅಂತಾರೆ. ನಾನು ಬಿಚ್ಚಿದ ಹಳೇ ಡಬ್ಬಿಗಳಲ್ಲಿ ಟೇಪ್ ಕಂಡಿದ್ದು ಕಡಿಮೆ.

ಆದರೆ ಒಂದು ವಿಷಯದಲ್ಲಿ ಇಲ್ಲಿಯ ರೀತಿ ಮೆಚ್ಚಬೇಕು. ಹೋಲ್ಡರ್ ಮೇಲೆಯೇ ದಾರಿ ಬರೆದಿರುತ್ತದೆ. ಹಿತ್ತಾಳೆ ಬಣ್ಣದ ಸ್ಕ್ರೂಗೆ ಫೇಸ್, ಬೆಳ್ಳಿ ಬಣ್ಣದ ಸ್ಕ್ರೂಗೆ ನ್ಯೂಟ್ರಲ್, ಹಸಿರು ಸ್ಕ್ರೂಗೆ ಅರ್ಥ್. ಲ್ಯಾಂಪಿನ ವಯರ್ ಎರಡು ಎಳೆ ಅಂಟಿಕೊಂಡ ಜೋಡಿ, ಎರಡಕ್ಕೂ ಒಂದೇ ಬಣ್ಣ. ಉಗುರಿನಿಂದ ಸವರಿ ನೋಡಿದರೆ ಒಂದು ಎಳೆ ನುಣುಪು, ಇನ್ನೊಂದರ ಮೈಮೇಲೆ ಗೆರೆ. ಗೆರೆ ಇರುವುದು ನ್ಯೂಟ್ರಲ್. ಪ್ಲಗ್ಗಿನ ಅಗಲವಾದ ಕಾಲಿಗೆ ಹೋಗುವುದೂ ಅದೇ. ಗೊತ್ತಿಲ್ಲದವನಿಗೆ ಏನೂ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ.

ಎರಡನೇ ಸಲ ಕೂತು ನಿಧಾನವಾಗಿ ಮಾಡಿದೆ. ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟೆ. ಹಳೇ ಹೋಲ್ಡರಿನ ಹಿತ್ತಾಳೆ ಕವಚವನ್ನು 'ಪ್ರೆಸ್' ಅಂತ ಕೊರೆದಿದ್ದ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ ಎಳೆದೆ, ಬಿಟ್ಟುಕೊಂಡಿತು. ಒಳಗೆ ಒಂದು ರಟ್ಟಿನ ಕೊಳವೆ ಇರುತ್ತದೆ. ಪ್ಯಾಕಿಂಗ್ ಅಂದುಕೊಂಡು ಬಿಸಾಡುವವರಿದ್ದಾರೆ. ಬಿಸಾಡಬೇಡಿ. ಸ್ಕ್ರೂಗಳಿಗೂ ಹಿತ್ತಾಳೆ ಕವಚಕ್ಕೂ ನಡುವೆ ಇರುವ ತಡೆ ಅದೊಂದೇ. ಹಳೇ ವಯರಿನ ತುದಿ ಬಿಸಿಗೆ ಗಟ್ಟಿಯಾಗಿ, ಬಗ್ಗಿಸಿದರೆ ಸೀಳು ಬಿಡುತ್ತಿತ್ತು. ಅದನ್ನು ಕತ್ತರಿಸಿ, ಮೆತ್ತಗಿದ್ದ ಕಡೆಯಿಂದ ಸುಮಾರು 12 ಮಿಲಿಮೀಟರ್ ಸಿಪ್ಪೆ ತೆಗೆದೆ. ತಾಮ್ರದ ಎಳೆಗಳನ್ನು ಹೊಸೆದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸ್ಕ್ರೂಗೆ ಸುತ್ತಬೇಕು. ಆಗ ಬಿಗಿ ಮಾಡುತ್ತಾ ಹೋದ ಹಾಗೆ ವಯರ್ ಒಳಗೆ ಎಳೆದುಕೊಳ್ಳುತ್ತದೆ. ಉಲ್ಟಾ ಸುತ್ತಿದರೆ ಹೊರಗೆ ಜಾರುತ್ತದೆ. ಒಂದೇ ಒಂದು ಎಳೆ ಹೊರಗೆ ಉಳಿದರೂ ಸಾಕು, ಎಲ್ಲೋ ತಾಗಿ ಕಿಡಿ ಹಾರುತ್ತದೆ. ಸ್ಕ್ರೂಗೆ ಸುತ್ತುವ ಮೊದಲೇ ವಯರುಗಳಿಗೆ ಒಂದು ಗಂಟು ಹಾಕಿದೆ. ಯಾರಾದರೂ ಎಳೆದರೆ ಭಾರ ಗಂಟಿಗೆ ಬೀಳಬೇಕು, ಸ್ಕ್ರೂಗಲ್ಲ. ನಮ್ಮ ತೂಗುವ ಹೋಲ್ಡರುಗಳ ವಯರಿಗೆ ಯಾರೂ ಗಂಟು ಹಾಕಿದ್ದು ನಾನು ನೋಡಿಲ್ಲ.

ಲ್ಯಾಂಪ್ ಆದರೆ ಪ್ಲಗ್ ಕಿತ್ತರೆ ಮುಗಿಯಿತು. ಸೀಲಿಂಗಿನ ಹೋಲ್ಡರ್ ಬೇರೆ ವಿಷಯ. ನಮ್ಮ ಕಡೆ 'ಸ್ವಿಚ್ ಆಫ್ ಮಾಡಿದೀನಲ್ಲ' ಅಂದರೆ ಸಾಕು. ಮೇನ್ ತೆಗೆಯುವವನು ಪುಕ್ಕಲ. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ಮೇಲೆ ಕೂರಿಸಿದ್ದರೆ ಆಫ್ ಮಾಡಿದಾಗಲೂ ಬಲ್ಬ್ ಆರುತ್ತದೆ, ಆದರೆ ಫೇಸ್ ಹೋಲ್ಡರಿನಲ್ಲೇ ಕಾಯುತ್ತಿರುತ್ತದೆ. ಎಲ್‌ಇಡಿ ಬಲ್ಬ್ ಆಫ್ ಆದ ಮೇಲೂ ರಾತ್ರಿ ಮಂಕಾಗಿ ಮಿಣುಕುತ್ತಿದೆಯಾ? ಬೇರೆ ಕಾರಣವೂ ಇರಬಹುದು, ಆದರೆ ನಾನು ಮೊದಲು ಸಂಶಯಪಡುವುದು ಇದನ್ನೇ. ಇಲ್ಲಿ ಪ್ಯಾನೆಲ್ಲಿಗೆ ಹೋಗಿ ಆ ಕೋಣೆಯ ಬ್ರೇಕರನ್ನೇ ಇಳಿಸುತ್ತಾರೆ, ಬೇರೆಯವರು ಏರಿಸದಂತೆ ಚೀಟಿ ಅಂಟಿಸುತ್ತಾರೆ. ಆಮೇಲೆ ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಸರಿಯಿದೆ ಅಂತ ನೋಡಿ, ಆಮೇಲೆ ಹೋಲ್ಡರಿಗೆ ಹಿಡಿದು, ಮತ್ತೆ ಕರೆಂಟ್ ಇರುವ ಕಡೆ ಹಿಡಿಯುತ್ತಾರೆ. ನನಗೆ ಮೊದಲು ನಗು ಬಂದಿತ್ತು. ಆದರೆ ಟೆಸ್ಟರೇ ಕೆಟ್ಟಿದ್ದರೆ ಅದು ಎಲ್ಲ ವಯರಿಗೂ 'ಕರೆಂಟಿಲ್ಲ' ಅಂತಲೇ ಹೇಳುತ್ತದೆ, ಅಲ್ವಾ?

ಇಲ್ಲಿಯವರೆಲ್ಲ ಜಾಣರು ಅಂತಲ್ಲ. 'ಬರೀ 120 ತಾನೇ' ಅಂತ ಆನ್ ಇರುವಾಗಲೇ ಕೈ ಹಾಕುವವರನ್ನು ನೋಡಿದ್ದೇನೆ. ಬ್ರೇಕರ್ ಕಾಪಾಡುತ್ತೆ ಅನ್ನುವವರೂ ಇದ್ದಾರೆ. 15 ಆಂಪಿಯರ್ ಬ್ರೇಕರ್ ಇರುವುದು ಗೋಡೆಯೊಳಗಿನ ವಯರ್ ಸುಡದಿರಲಿ ಅಂತ. ಮನುಷ್ಯನ ಮೈಯೊಳಗೆ ಹರಿಯುವ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಬೇರೆ ಸಾಧನ ಬೇಕು. ಇಲ್ಲಿ ಬಚ್ಚಲು, ಅಡುಗೆಮನೆಯ ಪ್ಲಗ್ಗುಗಳಲ್ಲಿ ಸುಮಾರು 5 ಮಿಲಿ ಆಂಪಿಯರ್ ಸೋರಿದರೆ ಕಡಿಯುವ ಸಾಧನ ಇರುತ್ತದೆ. ನಮ್ಮ ಮನೆಗಳಲ್ಲಿ ಇದೇ ಕೆಲಸಕ್ಕೆ ಹಾಕಿಸುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು, ಹಾಕಿಸಿದ್ದರೆ ಪೂರ್ತಿ ಮನೆಗೆ ಒಂದೇ ಕಾವಲು. ಈ ಒಂದು ವಿಷಯದಲ್ಲಿ ನಮ್ಮದೇ ಸರಿ ಅನ್ನಿಸುತ್ತದೆ. ಇಲ್ಲಿ ನನ್ನ ಮಲಗುವ ಕೋಣೆಯ ಲ್ಯಾಂಪಿಗೆ ಅಂಥ ಕಾವಲು ಇರಲಿಲ್ಲ.

ಮೊನ್ನೆ ಊರಿಂದ ನನ್ನ ತಮ್ಮ ವಿಡಿಯೋ ಕಾಲ್ ಮಾಡಿದ್ದ. ಹಾಲಿನ ಪಿನ್ ಹೋಲ್ಡರಿನಲ್ಲಿ ಒಂದು ಪಿನ್ನಿನ ಸ್ಪ್ರಿಂಗ್ ಸತ್ತು ಬಲ್ಬ್ ಪಟಪಟ ಅಂತಿತ್ತು. ಅದನ್ನು ತೆಗೆದು ಸ್ಕ್ರೂ ಹೋಲ್ಡರ್ ಹಾಕಬೇಕಂತೆ. ಆಗಲೇ ಸ್ಟೂಲ್ ಮೇಲೆ ನಿಂತಿದ್ದ.

"ಸ್ವಿಚ್ ಆಫ್ ಮಾಡಿದೀನಿ ಅಣ್ಣ."

"ಟೆಸ್ಟರ್ ಇಡು."

"ಆಫ್ ಆಗಿದೆ ಅಂದ್ನಲ್ಲ."

"ಸುಮ್ನೆ ಇಡೋ. ಹಿಂದಿನ ಲೋಹಕ್ಕೆ ಬೆರಳು ತಾಗಿಸಿ ಇಡು."

ಇಟ್ಟ. ಕಿಟಕಿಯ ಬೆಳಕಿಗೆ ಸರಿಯಾಗಿ ಕಾಣಲಿಲ್ಲ. ಇನ್ನೊಂದು ಕೈಯಿಂದ ನೆರಳು ಮಾಡಿದ. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಉರಿಯುತ್ತಿತ್ತು. ಅವನು ಏನೂ ಮಾತಾಡದೆ ಸ್ಟೂಲಿನಿಂದ ಇಳಿದ. ಫೋನನ್ನು ಕೈಗೆ ತೆಗೆದುಕೊಂಡು ಮೇನ್ ಕಡೆ ನಡೆದ, ತೆರೆಯ ಮೇಲೆ ನೆಲ, ಚಪ್ಪಲಿ, ಬಾಗಿಲ ಅಂಚು ಕಂಡವು. ಟಕ್ ಅಂತ ಒಂದು ಸದ್ದು ಬಂತು, ಕಾಲ್ ಕಟ್ಟಾಯಿತು. ಅವನ ವೈಫೈ ಕೂಡ ಅದೇ ಮೇನಿನ ಮೇಲಿತ್ತು.