ಸಿಗರೇಟ್ ಮಾರುವ ಅಂಗಡಿ ಮುಂದೆ ತುಂಡಿನ ಡಬ್ಬಿ ಕಡ್ಡಾಯವಾಗಬೇಕೆ?

ಪರ: ಮಾರುವವರೇ ಡಬ್ಬಿ ಇಡಲಿ

ಬೆಳಗ್ಗೆ ಆರೂವರೆಗೆ ನಮ್ಮ ಬೀದಿ ಗುಡಿಸಲು ಬರುವ ಪೌರಕಾರ್ಮಿಕ ಹೆಂಗಸಿಗೆ ಮೂಲೆಯ ಕಾಂಡಿಮೆಂಟ್ಸ್ ಅಂಗಡಿ ಮುಂದಿನ ಎಂಟು ಹತ್ತು ಅಡಿ ಜಾಗವೇ ದೊಡ್ಡ ತಲೆನೋವು. ಒಣಗಿದ ಎಲೆ, ಚಿಪ್ಸ್ ಪ್ಯಾಕೆಟ್, ಟೀ ಕುಡಿದ ಪೇಪರ್ ಲೋಟ ಎಲ್ಲವೂ ಪೊರಕೆಯ ಒಂದು ಬೀಸಿಗೆ ಬಂದುಬಿಡುತ್ತವೆ. ಸಿಗರೇಟ್ ತುಂಡು ಬರುವುದಿಲ್ಲ. ಫುಟ್‌ಪಾತಿಗೆ ಹಾಸಿದ ಇಂಟರ್‌ಲಾಕ್ ಕಲ್ಲುಗಳ ಸಂದಿಯಲ್ಲಿ, ಚಪ್ಪಲಿ ತುಳಿತಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. “ಇದು ಪೊರಕೆಗೆ ಸಿಗಲ್ಲ ಕಣಕ್ಕಾ, ಉಗುರಿಗೇ ಸಿಗೋದು” ಎನ್ನುತ್ತಾ ಆಕೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಕೀಳುತ್ತಾಳೆ. ಒಂದು ಭಾನುವಾರ ನಾನೂ ಪಕ್ಕದಲ್ಲಿ ಕೂತು ಎಣಿಸಿದೆ. 214. ಅದು ಒಂದು ಶನಿವಾರ ಸಂಜೆಯ ಫಸಲು.

ತುಂಡು ಎಸೆಯುವ ಹುಡುಗರು ಕೆಟ್ಟವರಲ್ಲ. ಕೇಳಿದರೆ, “ಹತ್ತಿ ಅಲ್ವಾ ಆಂಟಿ, ಮಳೆ ಬಂದ್ರೆ ಕರಗೋಗತ್ತೆ” ಎನ್ನುತ್ತಾರೆ. ಹತ್ತಿಯಲ್ಲ. ಫಿಲ್ಟರ್ ಎನ್ನುವುದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳ ಕಂತೆ. ಕರಗುವುದಿಲ್ಲ, ವರ್ಷಗಟ್ಟಲೆ ಸವೆಯುತ್ತಾ ಪುಡಿಯಾಗುತ್ತದೆ. ನಮ್ಮ ತಾತ ಸೇದುತ್ತಿದ್ದ ಬೀಡಿಯ ಮೋಟು ಈ ವಿಷಯದಲ್ಲಿ ಎಷ್ಟೋ ಸಭ್ಯ. ಎಲೆ, ಒಂದು ಗೇಣು ದಾರ, ಅಷ್ಟೆ. ಮಣ್ಣಿಗೆ ಬಿದ್ದದ್ದು ಮಣ್ಣಾಗುತ್ತಿತ್ತು. (ತಾತನ ಶ್ವಾಸಕೋಶದ ಕತೆ ಬೇರೆ.)

2022ರ ಜುಲೈ 1ರಂದು ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂತಲ್ಲ, ಆ ಪಟ್ಟಿಯನ್ನು ಒಮ್ಮೆ ಓದಿ. ಕಿವಿ ಕಡ್ಡಿ ಇದೆ, ಬಲೂನಿನ ಕೋಲು ಇದೆ, ಸಿಗರೇಟ್ ಪ್ಯಾಕಿಗೆ ಸುತ್ತಿದ ತೆಳು ಹಾಳೆಯೂ ಇದೆ. ಆ ಹಾಳೆಯೊಳಗಿನ ಪ್ಯಾಕಿನಲ್ಲಿ ಕೂತಿರುವ ಫಿಲ್ಟರುಗಳು ಮಾತ್ರ ಇಲ್ಲ! ಸಿಪ್ಪೆಗೆ ಶಿಕ್ಷೆ, ಹಣ್ಣಿಗೆ ಬಿಡುಗಡೆ.

ಸಂದಿಯಿಂದ ಕಿತ್ತು ತೆಗೆಯದ ತುಂಡು ಮೊದಲ ಮಳೆಗೆ ಮೋರಿಗೆ ಇಳಿಯುತ್ತದೆ. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಇಲ್ಲಿನ ಮೋರಿ ರಾಜಕಾಲುವೆಗೆ, ರಾಜಕಾಲುವೆ ವೃಷಭಾವತಿಗೆ, ಅದು ಬೈರಮಂಗಲದ ಕೆರೆ ಹಾದು ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ಹೊಗೆಯಲ್ಲಿ ಶ್ವಾಸಕೋಶಕ್ಕೆ ಹೋಗದೆ ಫಿಲ್ಟರಿನಲ್ಲಿ ನಿಂತ ವಿಷವೆಲ್ಲ ಆ ದಾರಿಯುದ್ದಕ್ಕೂ ನೀರಿಗೆ ಬಿಡುತ್ತಾ ಹೋಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೀಟರ್ ನೀರಿಗೆ ಸುಮಾರು ಒಂದು ತುಂಡು ನೆನೆಹಾಕಿದ್ದಕ್ಕೇ ಅದರಲ್ಲಿ ಬಿಟ್ಟ ಮೀನುಗಳಲ್ಲಿ ಅರ್ಧ ಸತ್ತವು.

ದಂಡ ಇದೆಯಲ್ಲ ಎನ್ನಬೇಡಿ. ನಮ್ಮ ರಾಜ್ಯದಲ್ಲಿ 200 ರೂಪಾಯಿ ಇದ್ದದ್ದನ್ನು 1000ಕ್ಕೆ ಏರಿಸಿದ್ದಾರೆ. ಅದು ಸಾರ್ವಜನಿಕ ಸ್ಥಳದಲ್ಲಿ ಸೇದಿದ್ದಕ್ಕೆ. ಸೇದಿ ಮುಗಿಸಿದ ಮೇಲೆ ಬೆರಳ ಸಂದಿಯಲ್ಲಿ ಉಳಿದ ಬಿಸಿ ತುಂಡನ್ನು ಎಲ್ಲಿಡಬೇಕು? ಪ್ಯಾಕ್ ಕೊಂಡವನು ಬೇಕಾದರೆ ಪ್ಯಾಕಿಗೇ ಹಾಕಿಯಾನು. ಒಂದೇ ಒಂದು ಬಿಡಿ ಸಿಗರೇಟು ಕೊಂಡವನ ಕೈಯಲ್ಲಿ ಏನಿದೆ? ಬಿಡಿ ಮಾರಾಟಕ್ಕೆ ಕರ್ನಾಟಕದಲ್ಲಿ 2017ರಿಂದಲೇ ನಿಷೇಧವಿದೆ. ಅದು ಹೇಗೆ ಜಾರಿಯಲ್ಲಿದೆ ಎಂದು ಯಾವ ಅಂಗಡಿಯಲ್ಲಾದರೂ ನೋಡಿ.

ಹಾಗಾಗಿ ನಾನೇ ಡಬ್ಬಿ ಇಟ್ಟೆ. ಮೊದಲು ಪೇಂಟಿನ ಬಕೆಟ್ಟಿಗೆ ಮರಳು ತುಂಬಿಸಿ ಇಟ್ಟರೆ, ಸಂಜೆಯೊಳಗೆ ಟೀ ಲೋಟ, ಗುಟ್ಕಾ ಉಗುಳು, ಬಾಳೆಹಣ್ಣಿನ ಸಿಪ್ಪೆ. ಮಾರನೇ ದಿನ ಆರದ ತುಂಡಿನಿಂದ ಲೋಟಗಳಿಗೆ ಬೆಂಕಿ ಹತ್ತಿ ಹೊಗೆಯೆದ್ದಿತು. ಅಂಗಡಿಯವರು ಲೋಟ ತೊಳೆದ ನೀರು ಸುರಿದು ನನ್ನತ್ತ ನೋಡಿದ ನೋಟ ಮರೆಯಲಾರೆ. ಎರಡನೆಯದು ಐದು ಲೀಟರಿನ ತಗಡಿನ ಎಣ್ಣೆ ಡಬ್ಬ. ಮುಚ್ಚಳಕ್ಕೆ ಹೆಬ್ಬೆರಳು ಹೋಗುವಷ್ಟೇ ತೂತು, ತಳದಲ್ಲಿ ಎರಡು ಇಂಚು ಮರಳು. ನೆಲದ ಮೇಲೆ ಇಡಲಿಲ್ಲ. ದಾರಕ್ಕೆ ಲೈಟರ್ ನೇತುಹಾಕಿರುತ್ತಾರಲ್ಲ, ಅದರ ಪಕ್ಕದ ಕೊಂಡಿಗೇ ತಂತಿಯಲ್ಲಿ ಕಟ್ಟಿದೆ. ಹಚ್ಚಲು ಹೋದ ಕೈ ಹಾಕಲೂ ಅಲ್ಲಿಗೇ ಹೋಗಲಿ ಎಂದು. ಮೂರನೇ ಭಾನುವಾರ ನೆಲದ ಮೇಲೆ ಸಿಕ್ಕಿದ್ದು 58. ಆಚೆ ಬೈಕಿನ ಮೇಲೆ ಕೂತು ಸೇದುವವರು ಇನ್ನೂ ಅಲ್ಲೇ ಎಸೆಯುತ್ತಾರೆ, ನಿಜ.

“ಇದನ್ನ ಖಾಲಿ ಮಾಡೋರು ಯಾರು ಮೇಡಂ?” ಎಂದು ಅಂಗಡಿಯವರು ಕೇಳಿದರು. ಸದ್ಯಕ್ಕೆ ನಾನೇ. ಆದರೆ ಸಿಗರೇಟಿನ ಸರಕು ತಂದು ಹಾಕುವ ಗಾಡಿ ತಪ್ಪದೆ ಬರುತ್ತದಲ್ಲ, ಅದೇ ಗಾಡಿಯಲ್ಲಿ ತುಂಡೂ ವಾಪಸ್ ಹೋಗಲಿ, ಕಂಪನಿ ಖರ್ಚಿನಲ್ಲಿ. ಸ್ಪೇನ್ 2023ರ ಜನವರಿಯಿಂದ ತುಂಡು ಗುಡಿಸುವ ಖರ್ಚನ್ನು ತಂಬಾಕು ಕಂಪನಿಗಳ ತಲೆಗೇ ಕಟ್ಟಿದೆ. ನಮಗೇಕೆ ಆಗದು?

ಡಬ್ಬಿ ಇಟ್ಟರೆ ಸೇದುವವರು ಹೆಚ್ಚುತ್ತಾರೆ ಎಂದು ಯಾರೋ ಹೇಳುತ್ತಾರೆ. ಬೀದಿಗೊಂದು ಶೌಚಾಲಯ ಕಟ್ಟಿಸಿದ್ದಕ್ಕೆ ಊರಿಗೆಲ್ಲ ಭೇದಿ ಹತ್ತಿತು ಎಂದಂತಾಯಿತು.

ವಿರೋಧ: ಆ್ಯಶ್‌ಟ್ರೇಗೆ ಮರ್ಯಾದೆ ಕೊಡಬೇಡಿ

ಈ ಬದಿಗೆ ಯಾರೂ ಸಿಗಲಿಲ್ಲ, ನೀವೊಬ್ಬರು ಸಿಗರೇಟ್ ಬಿಟ್ಟವರಿದ್ದೀರಿ, ಬರೆದುಕೊಡಿ ಎಂದು ಸಂಪಾದಕರು ಫೋನ್ ಮಾಡಿದರು. ರಸ್ತೆಯಲ್ಲಿ ತುಂಡು ಬಿದ್ದಿರಲಿ ಎಂದು ವಾದಿಸಲು ನನ್ನಿಂದಾಗದು. ಡಬ್ಬಿಯನ್ನು ಕಡ್ಡಾಯ ಮಾಡಬೇಡಿ ಎಂದಷ್ಟೇ ಹೇಳಬಲ್ಲೆ.

ಮೊದಲು ಕಾನೂನು. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಧೂಮಪಾನ ನಿಷೇಧಿಸಿದ ಜಾಗದಲ್ಲಿ ಆ್ಯಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಯಾವುದನ್ನೂ ಒದಗಿಸುವಂತಿಲ್ಲ. ಬಸ್ ಸ್ಟಾಪೂ ಆ ಪಟ್ಟಿಯಲ್ಲಿದೆ. ನಮ್ಮೂರಲ್ಲಿ ಬಸ್ ಸ್ಟಾಪಿಗೆ ಅಂಟಿಕೊಳ್ಳದ ಸಿಗರೇಟ್ ಅಂಗಡಿ ಎಷ್ಟಿವೆ ಹೇಳಿ? ಒಂದು ಕೈಯಲ್ಲಿ ಆ್ಯಶ್‌ಟ್ರೇ ಕಿತ್ತುಕೊಂಡ ಸರ್ಕಾರ ಆರು ಅಡಿ ಆಚೆ ಇನ್ನೊಂದು ಕೈಯಲ್ಲಿ ಅದನ್ನೇ ಕಡ್ಡಾಯ ಮಾಡಬೇಕೆ?

ಎರಡನೆಯದು, ಅಂಗಡಿಯವನು. ಡಬ್ಬಿ ಇಲ್ಲದಿದ್ದರೆ ಒಂದು ಮಾಮೂಲು, ಇದ್ದು ತುಂಬಿಹೋಗಿದ್ದರೆ ಇನ್ನೊಂದು. ಮೂರನೆಯದಾಗಿ ಮೀನಿನ ಮಾತು ಬಂದೇ ಬರುತ್ತದೆ. ನಮ್ಮ ರಾಜಕಾಲುವೆಯಲ್ಲಿ ಮೀನು ಹಿಡಿದು ತೋರಿಸಿದವರಿಗೆ ನಾನೇ ಊಟ ಹಾಕಿಸುತ್ತೇನೆ.

ಇವೆಲ್ಲ ಬರೆಯಬೇಕಲ್ಲ ಎಂದು ಬರೆದದ್ದು. ನನಗೆ ನಿಜವಾಗಿ ಗೊತ್ತಿರುವುದು ಒಂದು ಕುಂಡದ ಕತೆ.

ನಾನು ಕೆಲಸಕ್ಕೆ ಸೇರಿದ ಆಫೀಸಿನ ತಾರಸಿಯಲ್ಲಿ ಸೊಂಟದೆತ್ತರದ ಸಿಮೆಂಟ್ ಕುಂಡ ಇತ್ತು, ತುಂಬ ಬಿಳಿ ಮರಳು. ಸೆಕ್ಯುರಿಟಿಯ ಹಿರಿಯರೊಬ್ಬರು ದಿನಾ ಬೆಳಗ್ಗೆ ಹಿಂದಿನ ದಿನದ ತುಂಡುಗಳನ್ನು ಆರಿಸಿ, ಮುರಿದ ಬಾಚಣಿಗೆಯಿಂದ ಮರಳಿಗೆ ಗೆರೆ ಎಳೆದು, ದೇವರ ಮನೆಯ ಮುಂದೆ ರಂಗೋಲಿ ಬಿಟ್ಟಂತೆ ಸಿದ್ಧ ಮಾಡಿರುತ್ತಿದ್ದರು. ಆವರೆಗೆ ನಾನು ಒಂದು ದಮ್ಮೂ ಎಳೆದವನಲ್ಲ. ಆದರೆ ಮ್ಯಾನೇಜರ್ ನಿಲ್ಲುತ್ತಿದ್ದದ್ದು ಆ ಕುಂಡದ ಹತ್ತಿರ. ಯಾರಿಗೆ ಪ್ರಮೋಷನ್, ಯಾರಿಗೆ ಚೆನ್ನೈಗೆ ವರ್ಗ ಎಲ್ಲ ಅಲ್ಲೇ ಮೊದಲು ಗೊತ್ತಾಗುತ್ತಿತ್ತು. ಬರಿಗೈಯಲ್ಲಿ ಎಷ್ಟು ದಿನ ನಿಲ್ಲುವುದು? ಬಚ್ಚಲ ಹಿಂದೆ ಕದ್ದು ಸೇದುವ ಕೆಟ್ಟ ಚಟ ಎಂದು ಅಪ್ಪ ಹೇಳಿಕೊಟ್ಟಿದ್ದ ವಸ್ತು ಆ ಬಿಳಿ ಮರಳಿನ ಮುಂದೆ ದೊಡ್ಡ ಮನುಷ್ಯರ ಕೆಲಸದ ಹಾಗೆ ಕಂಡಿತು. ಎರಡು ವರ್ಷದಲ್ಲಿ ದಿನಕ್ಕೆ ಒಂಬತ್ತಕ್ಕೆ ಬಂದೆ.

2008ರ ನಿಯಮ ಬಂದ ವಾರವೇ ತಾರಸಿಗೆ ಬೀಗ. ಕುಂಡದಲ್ಲಿ ದಾಸವಾಳ ನೆಟ್ಟರು. ಸೇದಬೇಕಾದರೆ ನಾಲ್ಕು ಮಹಡಿ ಇಳಿದು ಗೇಟಿನಾಚೆ ಹೋಗಬೇಕು, ಲಿಫ್ಟು ಕೆಟ್ಟ ದಿನವೇ ಹೆಚ್ಚು. ಒಂಬತ್ತು ನಾಲ್ಕಾಯಿತು. ಮ್ಯಾನೇಜರೂ ಇಳಿಯುವುದು ಬಿಟ್ಟರು, ಸುದ್ದಿಯೂ ಸಿಗುತ್ತಿರಲಿಲ್ಲ. ಮೂರು ವರ್ಷದ ಮೇಲೆ ಪೂರ್ತಿ ಬಿಟ್ಟೆ. ಸ್ವಲ್ಪ ಆ ಮೆಟ್ಟಿಲುಗಳಿಂದ, ಸ್ವಲ್ಪ ಮಗಳು ಹುಟ್ಟಿದ್ದರಿಂದ. ಸೇದುವುದಕ್ಕೆ ಒಂದು ಅಚ್ಚುಕಟ್ಟಾದ ಜಾಗ ಮಾಡಿಕೊಟ್ಟರೆ ಅದು ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ಬರೆದು ಹೆಂಡತಿಗೆ ತೋರಿಸಿದೆ. ಓದಿ, “ಆ ದಿನಕ್ಕೆ ನಾಲ್ಕು ಇತ್ತಲ್ಲ, ಅದನ್ನೆಲ್ಲ ಎಲ್ಲಿ ಹಾಕ್ತಿದ್ರಿ?” ಎಂದಳು. ಗೇಟಿನೆದುರು ಒಂದು ಹೊಂಗೆ ಮರ ಇತ್ತು, ಸುತ್ತ ಕಲ್ಲಿನ ಕಟ್ಟೆ. ಆ ಕಟ್ಟೆಯೊಳಕ್ಕೆ. ನಾನೊಬ್ಬನೇ ಅಲ್ಲ, ತಾರಸಿಯಿಂದ ಇಳಿದ ನಾವೆಲ್ಲರೂ.